ಬೈಕಿನ ಬೆನ್ನಿಗೆ ಒಲೆ ಕಟ್ಟಿ: ಚಳಿಗಾಲದ ಅಡುಗೆ ಸ್ಪರ್ಧೆ ನಡೆಸುವುದು ಹೇಗೆ?

ನವೆಂಬರ್ ಬಂತೆಂದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕುಗಳ ಸಾಲು ಶುರುವಾಗುತ್ತದೆ. ಗೋವಾದ ವಾಗಾತೋರಿನಲ್ಲಿ ರಾಯಲ್ ಎನ್‌ಫೀಲ್ಡ್‌ನವರು ನಡೆಸುವ ಮೋಟೋವರ್ಸ್ ಹಬ್ಬಕ್ಕೆ ಮಂಗಳೂರು, ಕೇರಳದ ಕಡೆಯಿಂದ ಹೊರಟವರು ಬ್ರಹ್ಮಾವರ, ಕುಂದಾಪುರ, ಬೈಂದೂರು ದಾಟಿಯೇ ಹೋಗಬೇಕು. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಅಲ್ಲಿ ಬೈಕ್ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳದೆ ಮುಂದೆ ಹೋದವರು ಕಡಿಮೆ. ನಮ್ಮೂರ ಹುಡುಗ ಹುಡುಗಿಯರೂ ಭಾನುವಾರ ಬೆಳಿಗ್ಗೆ ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಎಲ್ಲೋ ಚಾ ಕುಡಿದು, ಗೋಳಿಬಜೆ ತಿಂದು, ಮಧ್ಯಾಹ್ನದೊಳಗೆ ಮನೆ ಸೇರುತ್ತಾರೆ. ಪ್ರತಿ ಸಲ ಹೋಟೆಲಿಗೇ ಯಾಕೆ? ವರ್ಷಕ್ಕೊಮ್ಮೆ ಒಲೆಯನ್ನೇ ಕಟ್ಟಿಕೊಂಡು ಹೋಗಿ, ಅಲ್ಲೇ ಬೇಯಿಸಿ, ಯಾರ ಕೈರುಚಿ ಹೆಚ್ಚು ಎಂದು ನೋಡಬಹುದಲ್ಲ? ಅದನ್ನು ನಡೆಸುವ ಬಗೆ ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಇಂಥದ್ದಕ್ಕೆ ಹೊರಗಿನವರು ಕುಕ್-ಆಫ್ ಎನ್ನುತ್ತಾರೆ. ಎಲ್ಲ ತಂಡಗಳೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಒಂದೇ ಬಗೆಯ ಅಡುಗೆ ಮಾಡುತ್ತವೆ. ತೀರ್ಪುಗಾರರು ರುಚಿ ನೋಡಿ ಅಂಕ ಕೊಡುತ್ತಾರೆ. ಆಮೇಲೆ ಎಲ್ಲರೂ ಕೂತು ಅದನ್ನೇ ಉಣ್ಣುತ್ತಾರೆ. ಇದರಲ್ಲಿ ಹೆಸರು ಮಾಡಿದ್ದು ಅಮೆರಿಕದ ಟೆಕ್ಸಾಸಿನ ಟರ್ಲಿಂಗ್ವಾ ಎಂಬ ಪಾಳುಬಿದ್ದ ಗಣಿಯೂರು. 1967ರಲ್ಲಿ ಅಲ್ಲಿ ಇಬ್ಬರು, ಮಾಂಸ ಮತ್ತು ಮೆಣಸಿನ ಗಟ್ಟಿ ಸಾರು ಯಾರದ್ದು ಚೆನ್ನ ಎಂದು ಪಂದ್ಯ ಕಟ್ಟಿದರು. ಪಂದ್ಯ ಸಮಸಮ ಆಯಿತು. ಸ್ಪರ್ಧೆ ಮಾತ್ರ ಪ್ರತಿ ವರ್ಷದ ರೂಢಿಯಾಗಿ ಉಳಿಯಿತು.

ಚಳಿ ಮತ್ತು ಬೈಕ್ ಎರಡೂ ಸೇರಿದ ಕೂಟ ಬೇಕಾದರೆ ಜರ್ಮನಿಯತ್ತ ನೋಡಬೇಕು. ಅಲ್ಲಿ 1956ರಿಂದ ಎಲೆಫಾಂಟೆನ್‌ಟ್ರೆಫೆನ್ ಎಂಬ ಚಳಿಗಾಲದ ಬೈಕ್ ಕೂಟ ನಡೆದುಬಂದಿದೆ. ಆನೆಗಳ ಕೂಟ ಎಂದು ಅದರ ಅರ್ಥ. ಆ ಕಾಲದ ಒಂದು ದಪ್ಪ ಬೈಕಿಗೆ ಹಸಿರು ಆನೆ ಎಂಬ ಅಡ್ಡಹೆಸರಿತ್ತು. ಈಗದು ಬವೇರಿಯದ ಕಾಡಂಚಿನಲ್ಲಿ ನಡೆಯುತ್ತದೆ. ಬಂದವರು ಹಿಮದ ಮೇಲೆ ಹುಲ್ಲು ಹಾಸಿ ಟೆಂಟ್ ಹಾಕುತ್ತಾರೆ, ಕಟ್ಟಿಗೆ ಉರಿ ಮಾಡಿ ತಮ್ಮ ಪಾತ್ರೆ ತಾವೇ ಇಡುತ್ತಾರೆ.

ನಮ್ಮಲ್ಲಿ ಅಂಥ ಚಳಿ ಎಲ್ಲಿದೆ ಎಂದು ನೀವು ಕೇಳಬಹುದು. ನಿಜ, ಕುಂದಾಪುರದಲ್ಲಿ ಜನವರಿಯ ಬೆಳಗಿನ ಜಾವ 20 ಡಿಗ್ರಿಯ ಆಸುಪಾಸು, ಮಧ್ಯಾಹ್ನ 32. ಆದರೆ ಬೈಕ್ ಸವಾರನ ಚಳಿ ಬೇರೆ ಲೆಕ್ಕದ್ದು. ಬೆಳಿಗ್ಗೆ ಘಟ್ಟ ಹತ್ತಿದರೆ ಉಷ್ಣತೆ ಸಲೀಸಾಗಿ ಇಳಿಯುತ್ತದೆ. 10 ಡಿಗ್ರಿ ಇರುವಾಗ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಮೈಗೆ ತಾಗುವುದು ಸುಮಾರು 5 ಡಿಗ್ರಿಯ ಚಳಿ. ಗಾಳಿ ಮೈಯ ಬಿಸಿಯನ್ನು ಒಯ್ಯುತ್ತಲೇ ಇರುವುದರಿಂದ ಹೀಗೆ. ಇಂಥ ಸವಾರಿ ಮುಗಿಸಿ ಇಳಿದವರಿಗೆ ಬಿಸಿ ಸಾರಿನ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಹಾಗಾಗಿ ನನ್ನ ಸಲಹೆ: ಸವಾರಿ ಘಟ್ಟದಲ್ಲಿ, ಅಡುಗೆ ಕರಾವಳಿಯಲ್ಲಿ.

ದಾರಿ ಹೀಗೆ ಇಟ್ಟುಕೊಳ್ಳಬಹುದು. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ. ಅಲ್ಲಿಂದ ಬಾಳೆಬರೆ ಘಾಟಿ ಹತ್ತಿ ಮಾಸ್ತಿಕಟ್ಟೆ, ನಗರ. ಮತ್ತೆ ನಿಟ್ಟೂರು ಮೇಲಾಗಿ ಕೊಲ್ಲೂರಿಗೆ ಇಳಿದು ಬೈಂದೂರು. ಬ್ರಹ್ಮಾವರದವರು ಹಿಂದಿನ ಸಂಜೆಯೇ ಕುಂದಾಪುರದ ಗೆಳೆಯರ ಮನೆಗೆ ಬಂದರೆ ಒಳ್ಳೆಯದು. ಎರಡೂರ ನಡುವೆ ಇರುವುದು 24 ಕಿಲೋಮೀಟರಿನಷ್ಟೇ ಆದರೂ, ಇಬ್ಬನಿಯಲ್ಲಿ ನಾಲ್ಕು ಗಂಟೆಗೆ ಎದ್ದು ಬರುವ ಕಷ್ಟ ತಪ್ಪುತ್ತದೆ.

ನಿಯಮ ಒಂದೇ: ಬೈಕಿನಲ್ಲಿ ಬಂದದ್ದಷ್ಟೇ ಒಲೆಗೆ

ಒಂದು ನಿಯಮವನ್ನು ಮೊದಲೇ ಗಟ್ಟಿಮಾಡಿಕೊಳ್ಳಿ. ನೀರು ಮತ್ತು ಕೋಳಿ ಇವೆರಡನ್ನು ಸ್ಪರ್ಧೆ ನಡೆಸುವ ಬೈಕ್ ಕ್ಲಬ್ ಒದಗಿಸಬೇಕು. ಉಳಿದದ್ದೆಲ್ಲ, ಪಾತ್ರೆಯಿಂದ ಉಪ್ಪಿನವರೆಗೆ, ತಂಡದ ಬೈಕಿನಲ್ಲೇ ಬರಬೇಕು. ಈ ನಿಯಮ ಇಲ್ಲದಿದ್ದರೆ ಯಾರೋ ಒಬ್ಬರು ಕಾರಿನಲ್ಲಿ ಮಿಕ್ಸರ್, ಗ್ರೈಂಡರ್, ಅಮ್ಮ ಮಾಡಿಕೊಟ್ಟ ಮಸಾಲೆಯ ದೊಡ್ಡ ಡಬ್ಬಿ ಎಲ್ಲ ಇಳಿಸುತ್ತಾರೆ. ಆಗ ಅದು ಮದುವೆ ಮನೆಯ ಅಡುಗೆ ಆಗುತ್ತದೆ, ಬೈಕ್ ಕ್ಲಬ್ಬಿನದ್ದಲ್ಲ. ಈ ಸ್ಪರ್ಧೆಯಲ್ಲಿ ಗೆಲ್ಲುವವರು ಹೆಚ್ಚಾಗಿ ಚೆನ್ನಾಗಿ ಗಂಟು ಕಟ್ಟಿದವರು. ಏನು ತರಬೇಕು ಎನ್ನುವುದಕ್ಕಿಂತ ಏನು ಬಿಟ್ಟು ಬರಬಹುದು ಎಂದು ಯೋಚಿಸಿದವರು.

ಒಂದು ತಂಡಕ್ಕೆ ಮೂವರು, ಎರಡು ಬೈಕ್ ಸಾಕು. ಭಾರದ ಸಾಮಾನು ಕೆಳಗೆ ಮತ್ತು ಬೈಕಿನ ನಡುಭಾಗಕ್ಕೆ ಹತ್ತಿರ ಇರಲಿ. ಪಾತ್ರೆಯನ್ನು ಹಿಂದಿನ ಕ್ಯಾರಿಯರ್ ಮೇಲೆ ಎತ್ತರಕ್ಕೆ ಕಟ್ಟಿದರೆ ತಿರುವಿನಲ್ಲಿ ಬೈಕ್ ತೂಗಾಡುತ್ತದೆ. ಸ್ಯಾಡಲ್ ಬ್ಯಾಗ್, ಅಂದರೆ ಸೀಟಿನ ಎರಡು ಬದಿಗೆ ತೂಗುಬಿಡುವ ಚೀಲ, ಎರಡು ಕಡೆಗೂ ಸಮ ಭಾರ ಇರಬೇಕು. ಸೈಲೆನ್ಸರ್ ಬದಿಯ ಚೀಲದಲ್ಲಿ ಎಣ್ಣೆ, ಗ್ಯಾಸ್ ಡಬ್ಬಿ, ಪ್ಲಾಸ್ಟಿಕ್ ಬೇಡ. ಆ ಬದಿಗೆ ಅಕ್ಕಿ, ಈರುಳ್ಳಿ, ಸ್ಟೀಲ್ ಪಾತ್ರೆ ಹಾಕಿ. ಎಲ್ಲ ಕಟ್ಟಿದ ಮೇಲೆ ಹ್ಯಾಂಡಲ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಹಗ್ಗದ ತುದಿ ಚಕ್ರಕ್ಕೆ, ಚೈನಿಗೆ ತಾಗುವಂತಿರಬಾರದು.

ಟೈರಿನ ಗಾಳಿಯನ್ನು ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡಬೇಕು. ಉಷ್ಣತೆ 5–6 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಪಿಎಸ್‌ಐ ಎಂದರೆ ಪೆಟ್ರೋಲ್ ಬಂಕಿನ ಮೀಟರಿನಲ್ಲಿ ಕಾಣುವ ಅಂಕಿ. ನಿನ್ನೆ ಮಧ್ಯಾಹ್ನದ ಬಿಸಿಲಲ್ಲಿ ತುಂಬಿಸಿದ ಗಾಳಿ ಇವತ್ತು ಬೆಳಿಗ್ಗೆ ಘಟ್ಟದ ಮೇಲೆ 3 ಪಿಎಸ್‌ಐ ಕಡಿಮೆ ತೋರಿಸಿದರೆ ಪಂಕ್ಚರ್ ಎಂದು ಹೆದರಬೇಡಿ. ಭಾರ ಹೊತ್ತಾಗ ಎಷ್ಟಿರಬೇಕು ಎಂಬುದು ಬೈಕಿನ ಕೈಪಿಡಿಯಲ್ಲಿ ಬೇರೆಯೇ ಕೊಟ್ಟಿರುತ್ತದೆ, ಅದನ್ನು ಪಾಲಿಸಿ.

ಉಡುಪಿಗೆ ಹೊಸ ದುಡ್ಡು ಹಾಕಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಕಿದ ಮಳೆಕೋಟು ಮನೆಯಲ್ಲಿ ತೂಗುತ್ತಿರುತ್ತದಲ್ಲ, ಅದನ್ನೇ ಸ್ವೆಟರ್ ಮೇಲೆ ಹಾಕಿ. ಉಣ್ಣೆ ಬಿಸಿ ಹಿಡಿಯುತ್ತದೆ, ಗಾಳಿ ತಡೆಯುವುದಿಲ್ಲ. ಮಳೆಕೋಟು ಗಾಳಿ ತಡೆಯುತ್ತದೆ, ಬಿಸಿ ಹಿಡಿಯುವುದಿಲ್ಲ. ಎರಡೂ ಸೇರಿದರೆ ಘಟ್ಟಕ್ಕೆ ಸಾಕು. ಕೈಗವಸು ಮಾತ್ರ ಬೇಕೇಬೇಕು. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಮಂಜಿನಲ್ಲಿ ಹೆಡ್‌ಲೈಟ್ ಕೆಳಬೆಳಕಿನಲ್ಲಿ ಇರಲಿ. ಮೇಲ್ಬೆಳಕು ಹಾಕಿದರೆ ಮಂಜಿಗೇ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಗಾಳಿ ಎಲ್ಲಿಂದ ಬತ್ತ್ ಕಾಣಿ

ಜಾಗ ಆರಿಸುವಾಗ ಎಲ್ಲರೂ ನೆರಳು ನೋಡುತ್ತಾರೆ, ಪಾರ್ಕಿಂಗ್ ನೋಡುತ್ತಾರೆ. ಗಾಳಿಯನ್ನು ನೋಡುವವರು ಕಡಿಮೆ. ಬಯಲಿನ ಅಡುಗೆಯಲ್ಲಿ ಅರ್ಧ ಗ್ಯಾಸನ್ನು ಗಾಳಿಯೇ ತಿಂದುಹಾಕಬಲ್ಲದು.

ನಮ್ಮ ಕರಾವಳಿಯ ಚಳಿಗಾಲದಲ್ಲಿ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಡವಾಗಿ ತಣಿಯುತ್ತದೆ. ಹಾಗಾಗಿ ರಾತ್ರಿಯಿಂದ ಬೆಳಗಿನ ಒಂಬತ್ತು, ಹತ್ತು ಗಂಟೆಯವರೆಗೆ ಗಾಳಿ ನೆಲದಿಂದ ಕಡಲಿಗೆ, ಅಂದರೆ ಮೂಡಣದಿಂದ ಪಡುವಣಕ್ಕೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದು ತಿರುಗುತ್ತದೆ. ಮಧ್ಯಾಹ್ನ ಕಡಲಿನಿಂದ ಜೋರು ಪಡುಗಾಳಿ. ನಡುವೆ ಒಂದಷ್ಟು ಹೊತ್ತು ಎಲೆ ಅಲ್ಲಾಡದ ಸಮಯ ಇರುತ್ತದೆ.

ಇದರಿಂದ ಎರಡು ಪಾಠ. ಒಲೆ ಹಚ್ಚುವ ಹೊತ್ತನ್ನು ಒಂಬತ್ತೂವರೆಗೆ ಇಟ್ಟುಕೊಂಡರೆ ಗಾಳಿ ಕಡಿಮೆ ಇರುವಾಗಲೇ ಮುಖ್ಯ ಕೆಲಸ ಮುಗಿಯುತ್ತದೆ. ಇನ್ನು ತಗಡಿನ ಗಾಳಿತಡೆಯನ್ನು ಬೆಳಿಗ್ಗೆ ಒಲೆಯ ಮೂಡಣಕ್ಕೆ ನಿಲ್ಲಿಸಬೇಕು, ಹನ್ನೊಂದರ ಹೊತ್ತಿಗೆ ಪಡುವಣಕ್ಕೆ ಬದಲಿಸಬೇಕು. ಬೈಕುಗಳನ್ನೇ ಸಾಲಾಗಿ ನಿಲ್ಲಿಸಿ ಗಾಳಿತಡೆ ಮಾಡೋಣ ಎಂದು ಯಾರಾದರೂ ಹೇಳುತ್ತಾರೆ. ಬೇಡ. ಪೆಟ್ರೋಲ್ ತುಂಬಿದ ಟ್ಯಾಂಕಿಗೂ ಉರಿಗೂ ಹತ್ತಿಪ್ಪತ್ತು ಹೆಜ್ಜೆ ದೂರವಿರಲಿ.

ಜಾಗ ಯಾವುದು? ಕಡಲ ತೀರ ಎಲ್ಲರ ಮೊದಲ ಆಸೆ. ತ್ರಾಸಿ, ಮರವಂತೆ, ಬೈಂದೂರಿನ ಸೋಮೇಶ್ವರ, ಕುಂದಾಪುರದ ಕೋಡಿ ಎಲ್ಲವೂ ಚಂದದ ಜಾಗಗಳೇ. ಆದರೆ ಮರಳಿನ ಮೇಲೆ ಒಲೆ ನಿಲ್ಲುವುದು ಕಷ್ಟ, ಸಾರಿಗೆ ಮರಳು ಬೀಳುವುದು ಸುಲಭ. ಕೋಡಿಯಲ್ಲಿ ಇನ್ನೊಂದು ಮುಖ್ಯ ಕಾರಣ ಇದೆ. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಅಲ್ಲಿಗೆ ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಆ ಮರಳಲ್ಲಿ ಬೈಕ್ ಓಡಿಸುವುದು, ಬೆಂಕಿ ಹಾಕುವುದು, ರಾತ್ರಿ ದೀಪ ಹಚ್ಚುವುದು ಯಾವುದೂ ಸಲ್ಲದು.

ಕೊಲ್ಲೂರಿನ ಕಾಡಿನಲ್ಲಿ, ಕೊಡಚಾದ್ರಿಯ ಬುಡದಲ್ಲಿ ಮಾಡಿದರೆ ಹೇಗೆ ಎಂಬ ಪ್ರಶ್ನೆಯೂ ಬರುತ್ತದೆ. ಅದು ಮೂಕಾಂಬಿಕಾ ವನ್ಯಜೀವಿಧಾಮ, ಅಲ್ಲಿ ಬೆಂಕಿ ಹಚ್ಚುವುದು ಅಪರಾಧ. ಜನವರಿ ಕಳೆದ ಮೇಲೆ ಒಣಗಿದ ಕಾಡಿಗೆ ಒಂದು ಕಿಡಿ ಸಾಕು. 1,343 ಮೀಟರ್ ಎತ್ತರದ ಆ ಬೆಟ್ಟವನ್ನು ನೋಡಿಕೊಂಡು ಇಳಿದು ಬನ್ನಿ.

ನನ್ನ ಆಯ್ಕೆ ಕೊಯ್ಲಾದ ಗದ್ದೆ, ಇಲ್ಲವೇ ಶಾಲೆ, ಸಭಾಭವನದ ಹಿಂದಿನ ಅಂಗಳ. ನೆಲ ಗಟ್ಟಿ, ಬಾವಿ ಹತ್ತಿರ, ಶೌಚಾಲಯ ಇರುತ್ತದೆ. ಗದ್ದೆಯಾದರೆ ಯಜಮಾನರನ್ನು ಮೊದಲೇ ಕೇಳಿ. ನಾವುಂದ, ಕಿರಿಮಂಜೇಶ್ವರದ ಕಡೆ ಭತ್ತ ಕೊಯ್ದ ಮೇಲೆ ನೆಲಗಡಲೆ ಹಾಕುತ್ತಾರೆ, ಕೆಲವರು ಉದ್ದು ಬಿತ್ತುತ್ತಾರೆ. ಖಾಲಿ ಕಂಡ ಗದ್ದೆಯೆಲ್ಲ ಖಾಲಿ ಅಲ್ಲ.

ಒಲೆ ಯಾವುದು, ಉರಿ ಹೇಗೆ

ಬೈಕಿಗೆ ಹೊಂದುವ ಒಲೆಗಳು ಎರಡು ಬಗೆ. ಒಂದು, ಸಣ್ಣ ಗ್ಯಾಸ್ ಡಬ್ಬಿಯ ಮೇಲೆ ನೇರವಾಗಿ ತಿರುಗಿಸಿ ಕೂರಿಸುವ ಅಂಗೈಯಗಲದ ಬರ್ನರ್. ಜೇಬಿನಲ್ಲಿ ಹಿಡಿಯುತ್ತದೆ, ಚಾ ಕಾಯಿಸಲು ಬಹಳ ಚೆನ್ನ. ಆದರೆ ಎತ್ತರಕ್ಕೆ ನಿಂತಿರುವುದರಿಂದ ದೊಡ್ಡ ಪಾತ್ರೆ ಇಟ್ಟರೆ ಮಗುಚುತ್ತದೆ. ಇನ್ನೊಂದು ಕ್ಯಾಸೆಟ್ ಒಲೆ. ಚಪ್ಪಟೆ ಪೆಟ್ಟಿಗೆಯ ಆಕಾರ, ಉದ್ದ ಡಬ್ಬಿ ಬದಿಯಲ್ಲಿ ಮಲಗಿರುತ್ತದೆ. ಸ್ಪರ್ಧೆಗೆ ಇದೇ ಸರಿ. ಎರಡರ ಡಬ್ಬಿಯಲ್ಲೂ 220–230 ಗ್ರಾಂ ಗ್ಯಾಸ್ ಇರುತ್ತದೆ. ಪೂರ್ತಿ ಉರಿಯಲ್ಲಿ ಸುಮಾರು ಒಂದೂವರೆ ಗಂಟೆ ಬರುತ್ತದೆ. ಒಂದು ತಂಡಕ್ಕೆ ಎರಡು ಡಬ್ಬಿ ಸಾಕು.

ಉರಿ ಶುರುವಿಗೆ ಜೋರಾಗಿದ್ದು ಆಮೇಲೆ ಸಣ್ಣಗಾಗುತ್ತದೆ, ಡಬ್ಬಿ ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ, ಹೊರಗೆ ನೀರಹನಿ ಕಟ್ಟಿರುತ್ತದೆ. ಗ್ಯಾಸ್ ಮುಗಿಯಿತೆಂದು ಡಬ್ಬಿ ಬಿಸಾಡಬೇಡಿ. ಒಳಗಿರುವುದು ಬ್ಯುಟೇನ್ ಎಂಬ ಅನಿಲ, ಒತ್ತಡದಲ್ಲಿ ದ್ರವವಾಗಿರುತ್ತದೆ. ದ್ರವ ಅನಿಲವಾಗುವಾಗ ತನ್ನದೇ ಬಿಸಿಯನ್ನು ಹೀರಿಕೊಳ್ಳುತ್ತದೆ, ಡಬ್ಬಿ ತಣಿಯುತ್ತದೆ, ಒತ್ತಡ ಇಳಿಯುತ್ತದೆ. ಶೂನ್ಯಕ್ಕಿಂತ ಅರ್ಧ ಡಿಗ್ರಿ ಕೆಳಗೆ ಹೋದರೆ ಬ್ಯುಟೇನ್ ಅನಿಲವಾಗುವುದೇ ಇಲ್ಲ. ಹಿಮದ ಊರಿನವರು ಅದಕ್ಕೇ ಪ್ರೊಪೇನ್ ಬೆರೆಸಿದ ಡಬ್ಬಿ ಕೊಳ್ಳುತ್ತಾರೆ. ನಮ್ಮಲ್ಲಿ ಅಷ್ಟು ಬೇಕಿಲ್ಲ. ಒಲೆ ಆರಿಸಿ ಡಬ್ಬಿಯನ್ನು ಹೊರತೆಗೆದು ಐದು ನಿಮಿಷ ಬಿಸಿಲಿಗೆ ಇಡಿ, ಇಲ್ಲವೇ ಕೈ ಅದ್ದಬಹುದಾದಷ್ಟು ಉಗುರು ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ. ಉರಿಯ ಹತ್ತಿರ ಒಯ್ಯಲೇಬೇಡಿ.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದು ನಮ್ಮ ನೀರ್‌ದೋಸೆಗೇ ಸಂಬಂಧಪಟ್ಟದ್ದು. ಕ್ಯಾಸೆಟ್ ಒಲೆಯಲ್ಲಿ ಬರ್ನರಿನ ಪಕ್ಕದಲ್ಲೇ ಡಬ್ಬಿಯ ಕೋಣೆ ಇರುತ್ತದೆ. ಮನೆಯ ದೊಡ್ಡ ದೋಸೆ ಕಾವಲಿಯನ್ನು ತಂದು ಇಟ್ಟರೆ ಅದರ ಅಂಚು ಡಬ್ಬಿಯ ಕೋಣೆಯ ಮೇಲೆ ಚಾಚುತ್ತದೆ. ಕಾದ ಕಬ್ಬಿಣದ ಝಳ ಕೆಳಗೆ ಬಡಿದು ಡಬ್ಬಿ ಬಿಸಿಯಾಗುತ್ತ ಹೋಗುತ್ತದೆ, ಕೊನೆಗೆ ಸಿಡಿಯಬಹುದು. ಎರಡು ಕ್ಯಾಸೆಟ್ ಒಲೆ ಅಕ್ಕಪಕ್ಕ ಇಟ್ಟು ಒಂದೇ ದೊಡ್ಡ ಕಾವಲಿ ಇಡುವುದು ಇನ್ನೂ ಕೆಟ್ಟದ್ದು. ಕಾವಲಿ, ಪಾತ್ರೆ ಯಾವುದೇ ಇರಲಿ, ಡಬ್ಬಿಯ ಮುಚ್ಚಳದ ಮೇಲೆ ಬರಬಾರದು. ಗಾಳಿತಡೆಯೂ ಡಬ್ಬಿಯನ್ನು ಸುತ್ತುವರಿಯಬಾರದು, ಬರ್ನರಿನ ಒಂದು ಬದಿಗಷ್ಟೇ ಇರಲಿ. ನೋಂದಣಿ ಮಾಡುವವರು ಪ್ರತಿ ತಂಡದ ಕಾವಲಿಯನ್ನು ಒಲೆಯ ಮೇಲಿಟ್ಟು ನೋಡಿಯೇ ಒಳಗೆ ಬಿಡಲಿ.

ಖಾಲಿ ಡಬ್ಬಿಗೆ ಮನೆಯ ಸಿಲಿಂಡರಿನಿಂದ ಗ್ಯಾಸ್ ತುಂಬುವ ಸಾಧನ ಆನ್‌ಲೈನಿನಲ್ಲಿ ಸಿಗುತ್ತದೆ. ಕೊಳ್ಳಬೇಡಿ. ಬೈಕಿನ ಟ್ಯಾಂಕಿನಿಂದ ಪೆಟ್ರೋಲ್ ತೆಗೆದು ಕಟ್ಟಿಗೆಗೆ ಸುರಿಯುವವರನ್ನು ಸ್ಪರ್ಧೆಯಿಂದಲೇ ಹೊರಗಿಡಿ. ಚಳಿ ಎಂದು ಟೆಂಟ್ ಮುಚ್ಚಿಕೊಂಡು ಒಳಗೆ ಒಲೆ ಹಚ್ಚುವುದೂ ಬೇಡ. ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ತುಂಬಿಕೊಳ್ಳುತ್ತದೆ, ನಿದ್ದೆ ಬಂದಂತಾಗಿ ಜೀವ ಹೋಗುತ್ತದೆ.

ಎಲ್ಲರಿಗೂ ಅನ್ನ ಮಾಡಲು ಕ್ಲಬ್ಬಿಗೆ ಒಂದು ದೊಡ್ಡ ಉರಿ ಬೇಕಾಗುತ್ತದೆ. ಮನೆಯ 14.2 ಕಿಲೋ ಸಿಲಿಂಡರನ್ನು ಇಂಥ ಕೂಟಕ್ಕೆ ಬಳಸುವಂತಿಲ್ಲ. 5 ಕಿಲೋದ ಬಿಡಿ ಸಿಲಿಂಡರ್ ಸಿಗುತ್ತದೆ. ಇಂಡಿಯನ್ ಆಯಿಲ್‌ನವರು ಅದಕ್ಕೆ ಛೋಟು ಎಂದು ಹೆಸರಿಟ್ಟಿದ್ದಾರೆ, ಗುರುತಿನ ಚೀಟಿ ತೋರಿಸಿದರೆ ಸಾಕು. ಆದರೆ ತುಂಬಿದ ಸಿಲಿಂಡರನ್ನು ಬೈಕಿನಲ್ಲಿ ಸಾಗಿಸುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಗೂಡ್ಸ್ ರಿಕ್ಷಾದಲ್ಲಿ ತರಿಸಿ. ನೀರಿನ ಕ್ಯಾನ್, ಕೋಳಿ, ಮೇಜು ಅದರಲ್ಲೇ ಬರುತ್ತವೆ. ಗ್ಯಾಸ್ ಸೋರಿದರೆ 1906, ಬೇರೆ ಏನೇ ಆದರೂ 112. ಒಣ ಪುಡಿಯ ಬೆಂಕಿ ಆರಿಸುವ ಉಪಕರಣ ಒಂದು, ಮರಳಿನ ಬಕೆಟ್ ನಾಲ್ಕು, ಎಲ್ಲರಿಗೂ ಕಾಣುವಲ್ಲಿ ಇರಲಿ.

ಏನು ಬೇಯಿಸುವುದು

ಬಿರಿಯಾನಿ ಬೇಡ. ದಮ್ ಕಟ್ಟಲು ಸಮಯ ಬೇಕು, ದಪ್ಪ ತಳದ ಪಾತ್ರೆ ಬೇಕು, ಸಣ್ಣ ಒಲೆಯಲ್ಲಿ ಅಡಿ ಹಿಡಿಯುತ್ತದೆ. ಘೀ ರೋಸ್ಟ್ ಹುಟ್ಟಿದ್ದೇ ಕುಂದಾಪುರದಲ್ಲಿ, ನಿಜ. ಆದರೆ ನುಣ್ಣಗೆ ಅರೆದ ಮಸಾಲೆ ಇಲ್ಲದೆ ಅದು ಆಗುವುದಿಲ್ಲ, ಬಯಲಿನಲ್ಲಿ ಅರೆಯುವ ಕಲ್ಲು ಎಲ್ಲಿಂದ ತರುತ್ತೀರಿ? ನಮ್ಮ ಕೋಳಿ ಸಾರು ಮಾತ್ರ ಈ ಸ್ಪರ್ಧೆಗೆ ಹೇಳಿ ಮಾಡಿಸಿದ್ದು. ಪ್ರತಿ ಮನೆಯಲ್ಲೂ ಅದರ ಹದ ಬೇರೆ. ಬೈಂದೂರಿನವರದ್ದು ಬ್ರಹ್ಮಾವರದವರಿಗೆ ಒಪ್ಪುವುದಿಲ್ಲ. ಸ್ಪರ್ಧೆಗೆ ಇನ್ನೇನು ಬೇಕು?

ಮಸಾಲೆ ಪುಡಿ ಮನೆಯಲ್ಲೇ ಮಾಡಿ ತನ್ನಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ನಾಲ್ಕು ಕಾಳು ಮೆಂತೆ ಬೇರೆ ಬೇರೆ ಹುರಿದು, ಬೆಳ್ಳುಳ್ಳಿ, ಅರಿಶಿನ ಸೇರಿಸಿ ಪುಡಿ ಮಾಡಿದರೆ ಸಣ್ಣ ಬಾಟಲಿಯಲ್ಲಿ ಹಿಡಿಯುತ್ತದೆ. ತೆಂಗಿನಕಾಯಿಯನ್ನು ಮಾತ್ರ ಇಡಿಯಾಗಿಯೇ ತನ್ನಿ. ತುರಿದು ತಂದರೆ ಮೂರು ಗಂಟೆಯ ಸವಾರಿಯಲ್ಲಿ ಹಳಸಬಹುದು, ಸಾರಿಗೆ ಹುಳಿ ವಾಸನೆ ಬರಬಹುದು. ಮಡಚುವ ಹೆರಮಣೆ ಸಿಗುತ್ತದೆ. ಹೆರೆದ ಕಾಯಿಗೆ ಬಿಸಿ ನೀರು ಹಾಕಿ ಕೈಯಲ್ಲೇ ಹಿಂಡಿ ಹಾಲು ತೆಗೆಯಿರಿ. ಮೊದಲ ಗಟ್ಟಿ ಹಾಲು ಬೇರೆ ಇಡಿ. ಎರಡನೆಯ ಸಲ ಹಿಂಡಿದ ತೆಳು ಹಾಲಿನಲ್ಲಿ ಕೋಳಿ ಬೇಯಲಿ. ಈರುಳ್ಳಿ ಕೆಂಪಾಗಿ, ಪುಡಿಯ ಹಸಿ ವಾಸನೆ ಹೋಗಿ, ಕೋಳಿ ಬಿಟ್ಟ ನೀರೇ ಕುದಿಯತೊಡಗಿದಾಗ ತೆಳು ಹಾಲು ಹಾಕುವುದು. ಕೋಳಿ ಪೂರ್ತಿ ಬೆಂದ ಮೇಲೆ ಉರಿ ತಗ್ಗಿಸಿ ಗಟ್ಟಿ ಹಾಲು ಸೇರಿಸಿ, ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದಂತೆ ಇಳಿಸಿ. ಜೋರು ಕುದಿಸಿದರೆ ಹಾಲು ಒಡೆದು ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ. ಕ್ಯಾಂಪ್ ಒಲೆಯಲ್ಲಿ ಸಣ್ಣ ಉರಿ ಹಿಡಿಯುವುದು ಸುಲಭವಲ್ಲ. ಹೆಚ್ಚಿನ ತಂಡಗಳು ಸೋಲುವುದು ಇಲ್ಲಿಯೇ.

ಕೋಳಿಯನ್ನು ಮನೆಯಿಂದ ಹೊತ್ತು ತರಬೇಡಿ. 5ರಿಂದ 60 ಡಿಗ್ರಿಯ ನಡುವೆ ಹಸಿ ಮಾಂಸದಲ್ಲಿ ರೋಗಾಣು ವೇಗವಾಗಿ ಹೆಚ್ಚುತ್ತದೆ, ಎರಡು ಗಂಟೆ ಮೀರಬಾರದು. ಜಾಗಕ್ಕೆ ಹತ್ತಿರದ ಅಂಗಡಿಯಿಂದ ಬೆಳಿಗ್ಗೆ ಒಂಬತ್ತಕ್ಕೆ ತರಿಸಿ ಎಲ್ಲ ತಂಡಗಳಿಗೂ ಒಂದೊಂದು ಕಿಲೋ ಹಂಚಿದರೆ ನ್ಯಾಯವೂ ಆಯಿತು, ಆರೋಗ್ಯವೂ ಆಯಿತು. ಮೂಳೆಯ ಬಳಿಯ ಮಾಂಸ 74 ಡಿಗ್ರಿ ಮುಟ್ಟಬೇಕು. ತೀರ್ಪುಗಾರರ ಬಳಿ ಅಡುಗೆ ಥರ್ಮಾಮೀಟರ್ ಒಂದಿರಲಿ, ಬೇಯದ ಕೋಳಿಯನ್ನು ಯಾರೂ ರುಚಿ ನೋಡಬೇಕಾಗಿಲ್ಲ.

ಜೊತೆಗೆ ಏನು? ನೀರ್‌ದೋಸೆ ಹಿಟ್ಟನ್ನು ಸ್ಟೀಲ್ ಬಾಟಲಿಯಲ್ಲಿ ತರಬಹುದು, ಹುದುಗಬೇಕಾದ ಹಿಟ್ಟಲ್ಲವಾದ್ದರಿಂದ ಬೆಳಗಿನ ಚಳಿಯಲ್ಲಿ ಕೆಡುವುದಿಲ್ಲ. ಸಣ್ಣ ಕಾವಲಿಯಲ್ಲಿ ಒಂದೊಂದೇ ಹುಯ್ಯುವ ತಾಳ್ಮೆ ಬೇಕು. ಪ್ಯಾಕೆಟ್ಟಿನ ಒಣ ಅಕ್ಕಿ ರೊಟ್ಟಿ ಇನ್ನೂ ಸುಲಭ. ಹೊಂಡಗಳಲ್ಲಿ ಕುಲುಕಿ ಪುಡಿಪುಡಿಯಾಗಿ ಬರುತ್ತದೆ, ಹೇಗಿದ್ದರೂ ಸಾರಿಗೆ ಮುರಿದು ಹಾಕುವುದೇ ತಾನೆ.

ಮೀನು ಬೇಕೆನ್ನುವವರಿಗೆ ಗಂಗೊಳ್ಳಿ ಬಂದರು ಹತ್ತಿರ. ಮೀನುಗಾರಿಕೆಯ ನಿಷೇಧ ಜೂನ್, ಜುಲೈನಲ್ಲಿ ಮಾತ್ರ, ಚಳಿಗಾಲದಲ್ಲಿ ಬಂಗುಡೆ ಸಿಗುತ್ತದೆ. ಸಸ್ಯಾಹಾರಿಗಳಿಗೆ ಹುರುಳಿ ಸಾರಿನ ವಿಭಾಗ ಬೇರೆಯೇ ಇರಲಿ. ಒಲೆ, ಪಾತ್ರೆ, ಬಡಿಸುವ ಸೌಟು ಎಲ್ಲವೂ ಬೇರೆ. ಹುರುಳಿಯನ್ನು ರಾತ್ರಿ ನೆನೆಹಾಕಿ ತರಬೇಕು, ಎರಡು ಲೀಟರಿನ ಕುಕ್ಕರ್ ಇದ್ದರೆ ಗ್ಯಾಸ್ ಉಳಿಯುತ್ತದೆ.

ತೀರ್ಪು: ಹೆಸರಿಲ್ಲದ ಬಟ್ಟಲು

ಜಗಳ ಹುಟ್ಟುವ ಜಾಗ ಇದು. ತೀರ್ಪುಗಾರರು ಯಾರಾದರೊಬ್ಬರ ಸೋದರಮಾವ ಆಗಿಯೇ ಇರುತ್ತಾರೆ, ನಮ್ಮೂರು ಅಷ್ಟು ಸಣ್ಣದು. ಟೆಕ್ಸಾಸಿನವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಜಾತ್ರೆಯ ಲಕ್ಕಿ ಡಿಪ್ ಚೀಟಿಯಂತೆ ಒಂದೇ ನಂಬರ್ ಎರಡು ಸಲ ಇರುವ ಚೀಟಿ. ಎಲ್ಲ ತಂಡಗಳಿಗೂ ಒಂದೇ ಥರದ ಮುಚ್ಚಳದ ಬಟ್ಟಲು ಕೊಡುತ್ತಾರೆ. ಬಟ್ಟಲಿಗೆ ಒಂದು ಚೀಟಿ ಅಂಟಿಸಿ, ಅದರ ಜೋಡಿಯನ್ನು ಅಡುಗೆಯವನ ಕೈಗೆ ಕೊಡುತ್ತಾರೆ. ಯಾವ ನಂಬರ್ ಯಾರದ್ದು ಎಂದು ಎಲ್ಲೂ ಬರೆದಿಡುವುದಿಲ್ಲ. ಕೊನೆಗೆ ಗೆದ್ದ ನಂಬರ್ ಕೂಗಿದಾಗ ಜೋಡಿ ಚೀಟಿ ಹಿಡಿದವನು ಎದ್ದು ಬರಬೇಕು. ಚೀಟಿ ಕಳೆದುಕೊಂಡರೆ ಬಹುಮಾನವೂ ಇಲ್ಲ.

ಎಲ್ಲರೂ ಹನ್ನೊಂದೂವರೆಗೆ ಬಟ್ಟಲು ಒಪ್ಪಿಸಬೇಕು. ಹತ್ತು ನಿಮಿಷದ ರಿಯಾಯಿತಿ, ಅದಕ್ಕಿಂತ ಹೆಚ್ಚಿಲ್ಲ. ಬಟ್ಟಲಲ್ಲಿ ಸಾರು ಮತ್ತು ಒಂದು ತುಂಡು ಮಾತ್ರ. ಕೊತ್ತಂಬರಿ ಸೊಪ್ಪು, ಬಾಳೆಲೆಯ ಅಲಂಕಾರ ಇದ್ದರೆ ಯಾರದ್ದೆಂದು ಗುರುತು ಸಿಕ್ಕಿಬಿಡುತ್ತದೆ. ಮೂವರು ತೀರ್ಪುಗಾರರು ಸಾಕು, ಪ್ರತಿ ತಂಡದ್ದನ್ನೂ ಮೂವರೂ ಹೊಸ ಚಮಚದಲ್ಲಿ ನೋಡಲಿ. ನಡುವೆ ಸೌತೆಕಾಯಿ ಇಲ್ಲವೇ ಸಪ್ಪೆ ಅನ್ನ ತಿಂದರೆ ನಾಲಗೆ ಸ್ವಚ್ಛವಾಗುತ್ತದೆ. ಹತ್ತು ಹನ್ನೆರಡು ಬಟ್ಟಲಿಗಿಂತ ಹೆಚ್ಚು ಕೊಡಬೇಡಿ, ಖಾರಕ್ಕೆ ನಾಲಗೆ ಸೋಲುತ್ತದೆ.

ಅಂಕದ ಪಟ್ಟಿಯಲ್ಲಿ ಆರೇಳು ಕಾಲಂ ಹಾಕುವ ಚಪಲ ನಮ್ಮವರಿಗೆ. ಟರ್ಲಿಂಗ್ವಾದ ಪದ್ಧತಿಯಲ್ಲಿ ಪರಿಮಳ, ಬಣ್ಣ, ಹದ, ರುಚಿ, ನುಂಗಿದ ಮೇಲೆ ಉಳಿಯುವ ರುಚಿ ಎಲ್ಲ ನೋಡಿ ಕೊನೆಗೆ ಒಂದೇ ಅಂಕ ಕೊಡುತ್ತಾರೆ, ಹತ್ತಕ್ಕೆ ಇಷ್ಟು ಎಂದು. ನನಗೆ ಇದೇ ಸರಿ ಕಾಣುತ್ತದೆ. ಗಂಟು ಚೆನ್ನಾಗಿ ಕಟ್ಟಿ ತಂದವರಿಗೆ ಬೇರೆಯೇ ಒಂದು ಬಹುಮಾನ ಇಡಿ. ಅದನ್ನು ಬೈಕುಗಳು ಬಂದು ನಿಂತಾಗಲೇ ನೋಡಿ ತೀರ್ಮಾನಿಸಿ.

ಖರ್ಚು, ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು

ಕ್ಯಾಸೆಟ್ ಒಲೆಗೆ ಸುಮಾರು 1,500ರಿಂದ 2,500 ರೂಪಾಯಿ, ಡಬ್ಬಿಗೆ 150ರಿಂದ 250. ಬರ್ನರ್ ಮಾತ್ರ ಬೇಕಾದರೆ 500ರಿಂದ ಶುರು. ಆನ್‌ಲೈನಿನಲ್ಲಿ, ಮಂಗಳೂರಿನ ಕ್ರೀಡಾ ಸಾಮಗ್ರಿ ಮಳಿಗೆಗಳಲ್ಲಿ ಸಿಗುತ್ತವೆ. ಡಬ್ಬಿಯ ಬಾಯಿ ಒಲೆಗೆ ಹೊಂದುತ್ತದೆಯೇ ನೋಡಿಯೇ ಕೊಳ್ಳಿ, ತಿರುಗಿಸುವ ಡಬ್ಬಿ ಕ್ಯಾಸೆಟ್ ಒಲೆಗೆ ಕೂರುವುದಿಲ್ಲ. ಕ್ಲಬ್ಬೇ ನಾಲ್ಕು ಒಲೆ ಕೊಂಡಿಟ್ಟು ಎರಡು ಸುತ್ತಿನಲ್ಲಿ ಸ್ಪರ್ಧೆ ಮಾಡಿದರೆ ಖರ್ಚು ಅರ್ಧವಾಗುತ್ತದೆ. ಪಾತ್ರೆಗೆ ದುಬಾರಿ ಕ್ಯಾಂಪಿಂಗ್ ಸೆಟ್ ಬೇಡ. ಕುಂದಾಪುರದ ಶನಿವಾರದ ಸಂತೆಗೆ ಹೋದರೆ ಹಿಡಿ ಕಳಚಬಹುದಾದ ಅಲ್ಯೂಮಿನಿಯಂ ಪಾತ್ರೆ, ಈರುಳ್ಳಿ, ಬ್ಯಾಡಗಿ ಎಲ್ಲ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ.

ಎಂಟು ತಂಡ, ಇಪ್ಪತ್ತನಾಲ್ಕು ಸವಾರರು ಎಂದಿಟ್ಟುಕೊಳ್ಳಿ. ಎಂಟು ಕಿಲೋ ಬ್ರಾಯ್ಲರ್ ಕೋಳಿ ಅಂದಾಜು 2,000 ರೂಪಾಯಿ. ಊರಕೋಳಿ ಬೇಕೆಂದರೆ ದುಪ್ಪಟ್ಟು, ಬೇಯಲೂ ದುಪ್ಪಟ್ಟು ಹೊತ್ತು. ಅಕ್ಕಿ, ನೀರು, ಗೂಡ್ಸ್ ರಿಕ್ಷಾ, ಮೇಜು ಬಾಡಿಗೆ, ಬಹುಮಾನ ಸೇರಿದರೆ ಒಟ್ಟು 8,000ದಿಂದ 10,000. ತಂಡಕ್ಕೆ 1,200 ರೂಪಾಯಿ ಪ್ರವೇಶ ಶುಲ್ಕ ಇಟ್ಟರೆ ಹೊಂದುತ್ತದೆ. ಪೆಟ್ರೋಲ್ ಅವರವರದ್ದು, 100 ಕಿಲೋಮೀಟರಿಗೆ ಎರಡೂವರೆಯಿಂದ ಮೂರು ಲೀಟರ್ ಎಂದು ಲೆಕ್ಕ ಹಾಕಿ.

ಊಟ ಸದಸ್ಯರಿಗಷ್ಟೇ ಇದ್ದರೆ ಸರಳ. ಸಾರ್ವಜನಿಕರಿಗೆ ಹಂಚುವುದು, ಮಾರುವುದು ಇದ್ದರೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯ ಬಗ್ಗೆ ತಾಲೂಕಿನ ಆಹಾರ ಸುರಕ್ಷತಾ ಅಧಿಕಾರಿಯನ್ನು ಮೊದಲೇ ವಿಚಾರಿಸಿ. ಹತ್ತಿರದ ಶಾಲೆಯ ಬಿಸಿಯೂಟದ ಅಮ್ಮಂದಿರನ್ನು, ಗದ್ದೆಯ ಯಜಮಾನರ ಮನೆಯವರನ್ನು ಅತಿಥಿಗಳಾಗಿ ಕರೆಯಿರಿ. ಬೈಕಿನವರು ಬಂದು ಗದ್ದಲ ಮಾಡಿ ಹೋದರು ಎಂಬ ಮಾತು ಆಮೇಲೆ ಬರುವುದಿಲ್ಲ. ತೀರ್ಪುಗಾರರೂ ಅವರಲ್ಲೇ ಸಿಗುತ್ತಾರೆ.

ಮದ್ಯ ಬೇಡ. ಇದು ಬುದ್ಧಿಮಾತಲ್ಲ, ಲೆಕ್ಕ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಊಟ ಮುಗಿದು ಎಲ್ಲರೂ ಬೈಕ್ ಹತ್ತಬೇಕು ತಾನೆ. ರಸ್ತೆಯಲ್ಲಿ ಪಂದ್ಯ ಕಟ್ಟುವುದೂ ಮೋಟಾರು ವಾಹನ ಕಾಯ್ದೆಯಲ್ಲಿ ಅಪರಾಧ. ಅನುಮತಿಯ ಅರ್ಜಿಯಲ್ಲಿ ರ‍್ಯಾಲಿ, ರೇಸ್ ಎಂಬ ಪದಗಳನ್ನೇ ಬಳಸಬೇಡಿ, ಸ್ನೇಹಕೂಟ ಮತ್ತು ಅಡುಗೆ ಸ್ಪರ್ಧೆ ಎಂದು ಬರೆಯಿರಿ.

ಅರ್ಜಿ ಎರಡು ಕಡೆ. ಜಾಗ ಯಾವ ಪಂಚಾಯಿತಿಗೆ, ಪುರಸಭೆಗೆ ಸೇರಿದೆಯೋ ಅಲ್ಲಿಗೆ ಒಂದು, ಆ ವ್ಯಾಪ್ತಿಯ ಪೊಲೀಸ್ ಠಾಣೆಗೆ ಒಂದು. ದಿನಾಂಕ, ಹೊತ್ತು, ಬೈಕುಗಳ ಸಂಖ್ಯೆ, ಎಷ್ಟು ಒಲೆ, ಬೆಂಕಿ ಆರಿಸುವ ವ್ಯವಸ್ಥೆ, ಕಸ ಯಾರು ಒಯ್ಯುತ್ತಾರೆ ಎಂಬುದೆಲ್ಲ ಅದರಲ್ಲಿರಲಿ. ಮೈಕ್ ಬೇಕಿದ್ದರೆ ಠಾಣೆಯ ಅನುಮತಿ ಬೇರೆ. ಕಟ್ಟಿಗೆ ಉರಿಸಿದ್ದರೆ ಕೆಂಡವನ್ನು ಮಣ್ಣಿನಲ್ಲಿ ಹೂಳಬೇಡಿ, ಗಂಟೆಗಟ್ಟಲೆ ಒಳಗೇ ಬಿಸಿಯಾಗಿದ್ದು ಬರಿಗಾಲಲ್ಲಿ ಬಂದವರನ್ನು ಸುಡುತ್ತದೆ. ನೀರು ಸುರಿದು, ಕದಡಿ, ಮತ್ತೆ ಸುರಿಯಿರಿ. ಖಾಲಿ ಗ್ಯಾಸ್ ಡಬ್ಬಿಗಳನ್ನು ಪೂರ್ತಿ ಖಾಲಿಯಾದ ಮೇಲೆಯೇ ಒಣ ಕಸಕ್ಕೆ ಕೊಡಿ.

ದಿನಾಂಕ ಮಾತ್ರ ಅಕ್ಟೋಬರಿನಲ್ಲೇ ಗೊತ್ತುಮಾಡಿಕೊಳ್ಳಿ. ನವೆಂಬರ್ ಆದರೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಕಂಬಳ ಶುರುವಾಗುತ್ತದೆ, ಮದುವೆಗಳೂ ಬರುತ್ತವೆ. ಶಾಮಿಯಾನದವರು, ಮೇಜು ಕುರ್ಚಿಯವರು, ಗೂಡ್ಸ್ ರಿಕ್ಷಾದವರು ಯಾರೂ ಆಮೇಲೆ ಕೈಗೆ ಸಿಗುವುದಿಲ್ಲ.